ಲಕೋಟೆಯಿಂದ ಕರಗುವ ಹೊಟ್ಟೆ

ದಿಲ್ಲಿಯಲ್ಲಿ ಕೂತವರನ್ನು ಸುಮ್ನೆ ಬೈಯಬಾರದು. ಅವರೂ ನಮ್ಮ ಹೊಟ್ಟೆಯ ಬಗ್ಗೆ ಯೋಚನೆ ಮಾಡುತ್ತಾರೆ. 2025ರ ಜೂನ್ 21ರಂದು, ಅಂದರೆ ಯೋಗ ದಿನದಂದೇ, ಕೇಂದ್ರ ಆರೋಗ್ಯ ಸಚಿವಾಲಯ ಉಳಿದ ಸಚಿವಾಲಯಗಳಿಗೆಲ್ಲ ಒಂದು ಪತ್ರ ಬರೆಯಿತು. 2021ರಲ್ಲಿ ಈ ದೇಶದಲ್ಲಿ ತೂಕ ಜಾಸ್ತಿಯಾದ ವಯಸ್ಕರು 18 ಕೋಟಿ, 2050ಕ್ಕೆ ಅದು 44.9 ಕೋಟಿ ಆಗಬಹುದು, ಹಾಗಾಗಿ ಯಾವ ತಿಂಡಿಯಲ್ಲಿ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಎಂದು ತೋರಿಸುವ ಎಣ್ಣೆ ಬೋರ್ಡು, ಸಕ್ಕರೆ ಬೋರ್ಡು ಕಚೇರಿಗಳಲ್ಲಿ ಹಾಕಿ ಎಂದು. ಅದರ ಜೊತೆಗೆ ಲೆಟರ್‌ಹೆಡ್, ಲಕೋಟೆ, ನೋಟ್‌ಪ್ಯಾಡ್, ಫೋಲ್ಡರ್ ಮೇಲೆಲ್ಲ ಆರೋಗ್ಯದ ಸಂದೇಶ ಮುದ್ರಿಸಿ ಎಂದು.

ಲಕೋಟೆ! ಎಂಥ ಯೋಚನೆ ನೋಡಿ. ಇಷ್ಟು ವರ್ಷ ನಾವು ಬೊಜ್ಜನ್ನು ತಟ್ಟೆಯಲ್ಲಿ ಹುಡುಕುತ್ತಾ ಕೂತಿದ್ದೆವು. ಅದು ಸ್ಟೇಷನರಿ ವಿಭಾಗದಲ್ಲಿತ್ತು.

ಹಣ್ಣು, ತರಕಾರಿ ಇಡಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಎನ್ನುವುದೂ ಆ ಪತ್ರದಲ್ಲಿತ್ತು, ಇಲ್ಲ ಅನ್ನಲ್ಲ. ಆದರೆ ಮುದ್ರಣಕ್ಕೆ ಟೆಂಡರ್ ಕರೆಯಬಹುದು. ಮೆಟ್ಟಿಲು ಹತ್ತುವುದಕ್ಕೆ ಟೆಂಡರ್ ಕರೆಯೋಕಾಗಲ್ಲ. ಯಾವುದು ಮೊದಲು ಜಾರಿಗೆ ಬರುತ್ತದೆ ಎಂದು ಸರ್ಕಾರಿ ಕಚೇರಿಗೆ ಒಂದು ಸಲ ಹೋಗಿ ಬಂದವರಿಗೂ ಗೊತ್ತು. ಸಮೋಸ, ಜಿಲೇಬಿಗೂ ಸಿಗರೇಟಿನ ಹಾಗೆ ಎಚ್ಚರಿಕೆ ಬರುತ್ತದಂತೆ ಎಂದು ಟೀವಿಯವರು ಕೂಗಿದರು. ಹಾಗೇನಿಲ್ಲ, ಅಂಗಡಿಯವರಿಗೆ ನಾವು ಏನೂ ಹೇಳಿಲ್ಲ ಎಂದು ಜುಲೈನಲ್ಲಿ ಸ್ಪಷ್ಟನೆ ಬಂತು. ದೇಶ ಉಸಿರು ಬಿಟ್ಟು ಇನ್ನೊಂದು ಪ್ಲೇಟ್ ಸಮೋಸ ತರಿಸಿಕೊಂಡಿತು.

ನನಗೆ ಈ ಯೋಜನೆಯಲ್ಲಿ ನಿಜವಾದ ಪ್ರಯೋಜನ ಕಂಡಿದ್ದು ಒಂದೇ. ಸಂಜೆ ನಾಲ್ಕಕ್ಕೆ ಕಚೇರಿಗೆ ಬೋಂಡ ಬರುತ್ತದಲ್ಲ, ಅದನ್ನು 'ಎಣ್ಣೆ ಕಡಿಮೆ ಬಳಸಿ' ಎಂದು ಅಚ್ಚಾದ ಲೆಟರ್‌ಹೆಡ್‌ನಲ್ಲಿಟ್ಟು ಗಟ್ಟಿಯಾಗಿ ಒತ್ತಿ. ಎಣ್ಣೆ ನಿಜಕ್ಕೂ ಕಡಿಮೆಯಾಗುತ್ತದೆ.

ಆ ದಿನಗಳಲ್ಲಿ ನಮ್ಮ ಹಾಸನದ ಪಾಡು ಏನಾಗಿತ್ತು ಎಂದು ನಿಮಗೆ ಹೇಳಬೇಕಿಲ್ಲ. ಬೆಳಿಗ್ಗೆ ಎದ್ದರೆ ಹೃದಯಾಘಾತದ ಸುದ್ದಿ. ಮೂವತ್ತು ದಾಟದವರೂ ಹೋದರು. ಆ ಮನೆಗಳ ಬಗ್ಗೆ ನಗುವಂಥದ್ದು ಏನೂ ಇಲ್ಲ. ನಗು ಬಂದಿದ್ದು ಉಳಿದ ನಮ್ಮನ್ನು ನೋಡಿ. ಇಡೀ ಜಿಲ್ಲೆ ಎದೆ ಹಿಡಿದುಕೊಂಡು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊರಟಿತು. ಬೆಳಗಾಗುವ ಮೊದಲೇ ಅಲ್ಲಿ ಸರದಿ. ಸುಮ್ಮನೆ ಭಯಪಟ್ಟು ಬರಬೇಡ್ರಪ್ಪ, ನಿಜವಾದ ರೋಗಿಗಳಿಗೆ ತೊಂದರೆಯಾಗುತ್ತದೆ ಎಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. ಇಸಿಜಿ ನಾರ್ಮಲ್ ಎಂದು ಚೀಟಿ ಸಿಕ್ಕವರು ಅದನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗಿಂತ ಜೋಪಾನವಾಗಿ ಮಡಚಿಟ್ಟುಕೊಂಡು ವಾಪಸ್ ಹೊರಟರು. ದಾರಿಯಲ್ಲಿ ಹೊಳೆನರಸೀಪುರದಲ್ಲಿ ಇಳಿದು ಹೊಟ್ಟೆ ತುಂಬ ಊಟ. ಹೃದಯ ಚೆನ್ನಾಗಿದೆ ಅಂತ ಪೇಪರಲ್ಲೇ ಬರೆದುಕೊಟ್ಟಿದ್ದಾರೆ, ಇನ್ನೇನು ಭಯ?

ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಿದ್ದರೂ ರಕ್ತನಾಳದಲ್ಲಿ ಅಡ್ಡಿ ಇರಬಹುದು. ವೈದ್ಯರು ಇದನ್ನು ಎಷ್ಟು ಸಲ ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ.

ಆಮೇಲೆ ಕಾರಣ ಹುಡುಕುವ ಸಂಭ್ರಮ. ಕೋವಿಡ್ ಲಸಿಕೆಯದ್ದೇ ಕೆಲಸ ಎಂದು ಬಸ್‌ಸ್ಟ್ಯಾಂಡಿನಲ್ಲಿ ತೀರ್ಪಾಯಿತು. ಮುಖ್ಯಮಂತ್ರಿಗಳ ಬಾಯಿಂದಲೂ ಆ ಅನುಮಾನ ಬಂತು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಸಾವುಗಳನ್ನು ಪರಿಶೀಲಿಸಿ, ಹಾಸನದಲ್ಲಿ ಹೃದಯಾಘಾತ ವಿಪರೀತ ಏರಿದೆ ಎನ್ನಲು ಆಧಾರವಿಲ್ಲ ಎಂದಿತು. ಬೊಜ್ಜು, ಬಿಪಿ, ಶುಗರ್, ಸಿಗರೇಟು, ಕುಡಿತ ಅಂತ ಹಳೇ ಪಟ್ಟಿಯನ್ನೇ ಮುಂದಿಟ್ಟಿತು. ಊರಿಗೆ ನಿರಾಸೆಯಾಯಿತು. ಲಸಿಕೆಯ ಮೇಲೆ, 5ಜಿ ಟವರಿನ ಮೇಲೆ, ಜಿಮ್ಮಿನ ಪ್ರೋಟೀನ್ ಪುಡಿಯ ಮೇಲೆ ಅನುಮಾನಪಟ್ಟ ಜನ, ಭಾನುವಾರದ ಮಟನ್ ಮೇಲೆ ಮಾತ್ರ ಒಂದು ದಿನವೂ ಅನುಮಾನಪಡಲಿಲ್ಲ. ನಂಬಿಕೆ ಅಂದರೆ ಅದು.

ಒಂದಷ್ಟು ಜನ ಇದೇ ನೆಪದಲ್ಲಿ ಜಿಮ್ ಬಿಟ್ಟರು. ಹಾಗೆ ನೋಡಿದರೆ ನಮ್ಮೂರಿನವರಿಗೆ ಜಿಮ್ಮಿನ ಬಾಗಿಲೂ ಹಾಸನಾಂಬೆ ಗುಡಿಯ ಬಾಗಿಲಿನ ಹಾಗೇ, ತೆರೆಯುವುದು ವರ್ಷಕ್ಕೊಮ್ಮೆ. ಜನವರಿ ಒಂದನೇ ತಾರೀಕು ನೂಕುನುಗ್ಗಲು, ಸಂಕ್ರಾಂತಿ ಎಳ್ಳುಬೆಲ್ಲದ ಹೊತ್ತಿಗೆ ಖಾಲಿ. ಫೀಸು ಮಾತ್ರ ಇಡೀ ವರ್ಷದ್ದು.

ಇನ್ನೊಂದಷ್ಟು ಜನ ವಾಕಿಂಗ್ ಹಿಡಿದರು. ಒಳ್ಳೆಯದೇ. ಬೆಳಿಗ್ಗೆ ಆರಕ್ಕೆ ಜಿಲ್ಲಾ ಕ್ರೀಡಾಂಗಣದ ಹತ್ತಿರ ಹೋಗಿ ನೋಡಿ. ನಡೆಯುವುದಕ್ಕೆ ಬಂದವರ ಕಾರು, ಸ್ಕೂಟರ್ ನಿಲ್ಲಿಸೋಕೆ ಜಾಗ ಇಲ್ಲ. ಮನೆ ಅರ್ಧ ಕಿಲೋಮೀಟರ್ ದೂರ. ಆ ಅರ್ಧ ಕಿಲೋಮೀಟರ್ ಕಾರಲ್ಲಿ ಬಂದು, ಟ್ರ್ಯಾಕ್ ಮೇಲೆ ಸುತ್ತು ಹೊಡೆದು, ಮತ್ತೆ ಕಾರಲ್ಲಿ ಹೋಗುತ್ತಾರೆ. ಗೇಟಿನ ಒಳಗೆ ನಡೆದದ್ದಕ್ಕೆ ಮಾತ್ರ ಲೆಕ್ಕ. ನಾಲ್ಕು ಜನ ಸಾಲಾಗಿ ಅಡ್ಡಲಾಗಿ ನಡೆಯುತ್ತಾ ಮುಂದಿನ ಚುನಾವಣೆಯ ಟಿಕೆಟ್ ಹಂಚುತ್ತಿರುತ್ತಾರೆ. ಒಂದು ಸುತ್ತಿಗೆ ಒಂದು ಕ್ಷೇತ್ರ. ಅರಕಲಗೂಡು ಬಂದಾಗ ವಾದ ಜೋರಾಗಿ ಎಲ್ಲರೂ ನಿಂತುಬಿಡುತ್ತಾರೆ.

ಕೈಯಲ್ಲಿ ವಾಚು. ಹತ್ತು ಸಾವಿರ ಹೆಜ್ಜೆ ಆಗದೆ ಮನೆಗೆ ಹೋಗುವ ಹಾಗಿಲ್ಲ. ಈ ಹತ್ತು ಸಾವಿರದ ಲೆಕ್ಕವನ್ನು ಯಾವ ವೈದ್ಯರೂ ಕೊಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರುವುದಕ್ಕೆ ಹಿಡಿದ ಅಂಕಿ ಅದು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಚುರುಕಾದ ಚಟುವಟಿಕೆ. ದಿನಕ್ಕೆ ಅರ್ಧ ಗಂಟೆಗಿಂತಲೂ ಕಡಿಮೆ. ಆದರೆ ಅದನ್ನು ವಾಚು ಚೆನ್ನಾಗಿ ತೋರಿಸಲ್ಲ, ಪಟಾಕಿ ಹೊಡೆಯಲ್ಲ. ಹತ್ತು ಸಾವಿರ ತುಂಬಿದರೆ ಪಟಾಕಿ ಹೊಡೆಯುತ್ತದೆ. ಸೋಫಾದಲ್ಲಿ ಕೂತು ಕೈ ಅಲ್ಲಾಡಿಸಿ ಆ ಪಟಾಕಿ ಹೊಡೆಸಿದವರನ್ನೂ ನಾನು ಬಲ್ಲೆ.

ವಾಕಿಂಗ್ ಮುಗಿದ ಮೇಲೆ ಹೋಟೆಲು. ಇದು ತಪ್ಪಲ್ಲ. ಎಪ್ಪತ್ತು ಕೆಜಿ ತೂಗುವವರು ಒಂದು ಗಂಟೆ ನಡೆದರೆ ಸುಮಾರು 250 ಕ್ಯಾಲೊರಿ ಖರ್ಚಾಗುತ್ತದೆ. ಮೇಲೆ ಬೆಣ್ಣೆ ಕೂತ ಒಂದು ಮಸಾಲೆ ದೋಸೆ ಅದನ್ನು ಪೂರ್ತಿ ವಾಪಸ್ ತುಂಬಿಕೊಡುತ್ತದೆ. ಪಕ್ಕದಲ್ಲಿ ವಡೆ ಬೇರೆ. ಆಮೇಲೆ ಕಾಫಿ, ಎರಡು ಚಮಚ ಸಕ್ಕರೆ. ದಿನಕ್ಕೆ ಇಂಥ ನಾಲ್ಕು ಕಾಫಿಯಾದರೆ ನಲವತ್ತು ಗ್ರಾಂ ಸಕ್ಕರೆ ಅಲ್ಲೇ ಆಯಿತು. 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಶುಗರ್ ಇದ್ದವರು ಮಾತ್ರ ಹುಷಾರು, ಬೆಲ್ಲದ ಕಾಫಿ ತರಿಸುತ್ತಾರೆ. ಬೆಲ್ಲ ತಿಂದರೆ ಮೈಗೆ ಗೊತ್ತಾಗಲ್ಲ ಎಂದು ಅವರ ನಂಬಿಕೆ.

ಮೈ ಅಂದರೆ ನೆನಪಾಯಿತು. ತೂಕ ಇಳಿಸುವುದು ಹೇಗೆ ಎಂದು ಸಾವಿರ ಜನ ಹೇಳುತ್ತಾರೆ. ಇಳಿದ ಮೇಲೆ ನಮ್ಮೂರಲ್ಲಿ ಬದುಕುವುದು ಹೇಗೆ ಎಂದು ಯಾರೂ ಹೇಳಿಕೊಡಲ್ಲ. ಯಾರೋ ಪಾಪ ಆರು ತಿಂಗಳು ಕಷ್ಟಪಟ್ಟು ಎಂಟು ಕೆಜಿ ಇಳಿಸಿಕೊಂಡು ಒಂದು ಮದುವೆಗೆ ಬರಲಿ ನೋಡಿ. ಛತ್ರದ ಬಾಗಿಲಲ್ಲೇ ಹಿಡಿದುಕೊಳ್ಳುತ್ತಾರೆ. 'ಯಾಕ್ರೀ, ಹಿಂಗೆ ಇಳಿದೋಗಿದೀರ? ಶುಗರ್ರಾ?' ಇಲ್ಲ ಅಂದರೆ ನಂಬಲ್ಲ. ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳುತ್ತಾರೆ, 'ಮನೇಲಿ ಎಲ್ಲ ಸರಿ ಇದೆ ತಾನೇ?' ಊಟದ ಪಂಕ್ತಿಗೆ ಹೋಗುವಷ್ಟರಲ್ಲಿ ಅವರಿಗೆ ದೊಡ್ಡ ಕಾಯಿಲೆ ಎನ್ನುವುದು ಛತ್ರದ ತುಂಬ ಗೊತ್ತಾಗಿರುತ್ತದೆ. ಹೆಣ್ಣುಮಕ್ಕಳಾದರೆ ಇನ್ನೂ ಕಷ್ಟ. ದಪ್ಪಗಿದ್ದರೆ 'ಸ್ವಲ್ಪ ಇಳಿಸ್ಕೊಳ್ಳಮ್ಮ, ಗಂಡು ಸಿಗಬೇಕಲ್ಲ' ಅಂದವರೇ, ಇಳಿಸಿಕೊಂಡರೆ 'ಮುಖದಲ್ಲಿ ಕಳೆಯೇ ಇಲ್ಲ' ಅನ್ನುತ್ತಾರೆ.

ಆಮೇಲೆ ಎಲೆ ಮುಂದೆ ಕೂರಬೇಕು. ಎಲೆಗೆ ಕೈ ಅಡ್ಡ ಹಿಡಿಯುವುದು ಈ ಕಡೆ ದೊಡ್ಡ ಅಪರಾಧ. ಕೈ ಅಡ್ಡ ಹಿಡಿದರೆ ಕೈ ಮೇಲೇ ಪಾಯಸ ಹಾಕುತ್ತಾರೆ. ಹೋಳಿಗೆ ಬೇಡ ಅಂದರೆ 'ನಮ್ಮನೆ ಹೋಳಿಗೆ ಸೇರಲ್ವಾ?' ಎಂದು ಹುಡುಗನ ಅಪ್ಪನೇ ಎದ್ದು ಬರುತ್ತಾರೆ. ಅವರು ಬಂದ ಮೇಲೆ ಒಂದಕ್ಕೆ ಮುಗಿಯಲ್ಲ. ಮೇಲೆ ತುಪ್ಪ. ಮರುದಿನ ಬೀಗರ ಊಟದ ಕಥೆ ಬೇರೆಯೇ. ಅಲ್ಲಿ ಬಡಿಸುವವರು ನಿಮ್ಮನ್ನು ಕೇಳುವುದೇ ಇಲ್ಲ. ಮುದ್ದೆ ಇಡುತ್ತಾರೆ, ಸಾರು ಬಿಡುತ್ತಾರೆ, ಎಲೆಯಲ್ಲಿ ಜಾಗ ಕಂಡರೆ ತುಂಡು ಹಾಕುತ್ತಾರೆ. ಮೂಳೆ ಕಡಿಮೆ ಇದ್ದ ಎಲೆ ಕಂಡರೆ ಬೀಗರಿಗೆ ಅವಮಾನ.

ಈಗ ಹಸಿವು ಕಡಿಮೆ ಮಾಡುವ ಚುಚ್ಚುಮದ್ದು ಬಂದಿದೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ವೈದ್ಯರ ಚೀಟಿಯ ಮೇಲೆ, ಬೇಕಾದವರಿಗೆ ಕೊಡುವ ಔಷಧಿ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾಸನದಲ್ಲಿ ಯಾರು ಹಸಿವಾದಾಗ ತಿನ್ನುತ್ತಾರೆ ಹೇಳಿ? ನೆಂಟರು ಬಂದರು ಅಂತ ತಿನ್ನುತ್ತೇವೆ, ಮಳೆ ಬಂತು ಅಂತ ತಿನ್ನುತ್ತೇವೆ, ಉಳಿದಿದೆ, ಹಾಳಾಗುತ್ತದೆ ಅಂತ ತಿನ್ನುತ್ತೇವೆ. ಹಸಿವನ್ನು ನಿಲ್ಲಿಸುವ ಸೂಜಿ ಬಂತು, ಬಡಿಸುವವರನ್ನು ನಿಲ್ಲಿಸುವ ಸೂಜಿ ಬರಬೇಕು.

ಮುದ್ದೆಯ ಬಗ್ಗೆ ಮಾತಾಡಿದರೆ ಕಲ್ಲು ಬೀಳುತ್ತದೆ, ಆದರೂ ಹೇಳುತ್ತೇನೆ. ರಾಗಿ ತಿಂದರೆ ತೂಕ ಇಳಿಯುತ್ತದೆ ಎಂದು ಬೆಂಗಳೂರಿನವರು ಈಗ ಕಂಡುಹಿಡಿದಿದ್ದಾರೆ. ನಾವು ತಲೆತಲಾಂತರದಿಂದ ತಿನ್ನುತ್ತಿದ್ದೇವೆ, ನಮ್ಮ ಹೊಟ್ಟೆಗೆ ಈ ಸುದ್ದಿ ತಲುಪಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಅಕ್ಕಿಯಲ್ಲಿ 355ರ ಆಸುಪಾಸು. ವ್ಯತ್ಯಾಸ ಇಷ್ಟೇ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ, ತಿಂದರೆ ಬೇಗ ಹಸಿವಾಗಲ್ಲ. ಎಲ್ಲ ನಿಜ. ಆದರೆ ಅಜ್ಜ ಎರಡು ಮುದ್ದೆ ನುಂಗಿ ಹೊಲಕ್ಕೆ ಹೋಗಿ ಸಂಜೆ ತನಕ ನೇಗಿಲು ಹಿಡಿಯುತ್ತಿದ್ದರು. ಮೊಮ್ಮಗ ಎರಡು ಮುದ್ದೆ ನುಂಗಿ, ಮೇಲೆ 'ಸ್ವಲ್ಪ' ಅನ್ನ ಹಾಕಿಸಿಕೊಂಡು, ಮೊಬೈಲ್ ಹಿಡಿಯುತ್ತಾನೆ. ಸಿರಿಧಾನ್ಯ ಮೇಳಕ್ಕೆ ಹೋದರೆ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಸಿರಿಧಾನ್ಯದ ಲಾಡು, ಸಿರಿಧಾನ್ಯದ ನಿಪ್ಪಟ್ಟು. ನವಣೆಯನ್ನು ಎಣ್ಣೆಯಲ್ಲಿ ಕರಿದರೆ ಎಣ್ಣೆಗೆ ನಾಚಿಕೆಯಾಗಿ ಹೊರಗೇ ನಿಲ್ಲುತ್ತದೆ ಅಂದುಕೊಂಡಿದ್ದೇವೋ ಏನೋ.

ಇಷ್ಟೆಲ್ಲ ನಗಬಹುದು. ನಗುವುದು ಸುಲಭ, ಯಾಕೆಂದರೆ ನಾನು ಇಲ್ಲಿಯ ತನಕ ಹೇಳಿದ್ದು ಊಟ ಬೇಡ ಅನ್ನಲು ಸಾಧ್ಯವಿರುವವರ ಕಥೆ. ಬೆಳಿಗ್ಗೆ ಆರಕ್ಕೆ ಟ್ರ್ಯಾಕ್ ಮೇಲೆ ನಡೆಯಲು ಪುರುಸೊತ್ತಿರುವವರ ಕಥೆ.

ಆ ಸಮಿತಿಯ ವರದಿಯಲ್ಲಿ ಆಟೋ, ಕ್ಯಾಬ್ ಓಡಿಸುವವರ ಪ್ರಸ್ತಾಪವೂ ಇತ್ತು. ಅದರ ಬಗ್ಗೆ ಯಾವ ಚಾನೆಲ್ಲೂ ಒಂದು ಗಂಟೆ ಚರ್ಚೆ ಮಾಡಿದ್ದನ್ನು ನಾನು ನೋಡಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಆಟೋ ನಿಲ್ಲಿಸಿಕೊಂಡವರನ್ನು ಕೇಳಿ. ಹನ್ನೆರಡು ಗಂಟೆ ಕೂತಲ್ಲೇ. ಬಾಡಿಗೆ ಸಿಕ್ಕಿದಾಗ ಊಟ ಬಿಡಬೇಕು, ಸಿಗದಿದ್ದಾಗ ಟೀ, ಬಜ್ಜಿ. ಸುತ್ತಮುತ್ತ ಶೌಚಾಲಯ ಸರಿಯಿಲ್ಲ ಎಂದು ನೀರೇ ಕುಡಿಯಲ್ಲ. ಇಡೀ ದಿನ ಹೊಗೆ. ಅವರಿಗೆ ನಾವು ಯಾವ ಬೋರ್ಡು ಹಾಕೋಣ? ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ನಾಲ್ಕೂವರೆಗೆ ಎದ್ದು ಅಡುಗೆ ಮಾಡಿಟ್ಟು ಬಸ್ ಹಿಡಿಯುತ್ತಾರೆ. ರಾತ್ರಿ ಬಂದು ಮತ್ತೆ ಒಲೆ ಮುಂದೆ. ಅವರಿಗೆ ಯಾವ ವಾಚು ಕಟ್ಟೋಣ?

ನಡೆಯಿರಿ ಅನ್ನುತ್ತೀರಿ. ಎಲ್ಲಿ ನಡೆಯಬೇಕು ಸ್ವಾಮಿ? ಬಿ.ಎಂ. ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ಒಂದು ಕಡೆಯಿಂದ ನಡೆದು ತೋರಿಸಿ. ಬೈಕು, ಅದಾದ ಮೇಲೆ ಅಂಗಡಿಯ ಬೋರ್ಡು, ಅದಾದ ಮೇಲೆ ಚಪ್ಪಡಿ ಎದ್ದ ಚರಂಡಿ, ಆಮೇಲೆ ಫುಟ್‌ಪಾತೇ ಇಲ್ಲ. ರಸ್ತೆಗಿಳಿದರೆ ಹಿಂದಿನಿಂದ ಹಾರ್ನು. ಮಂಡಿ ನೋವಿರುವ ಅರವತ್ತರ ಹೆಂಗಸು ವೈದ್ಯರು ಹೇಳಿದರು ಅಂತ ಸಂಜೆ ನಡೆಯಲು ಹೊರಟರೆ, ಸತ್ತರೆ ಹೃದಯದಿಂದ ಸಾಯಲ್ಲ, ಲಾರಿಯಿಂದ ಸಾಯುತ್ತಾರೆ. ಇದನ್ನು ಸರಿ ಮಾಡಲು ಲಕೋಟೆ ಬೇಡ. ಸಿಮೆಂಟು ಬೇಕು, ಸ್ವಲ್ಪ ಮಾನ ಬೇಕು. ಎಷ್ಟು ವರ್ಷದಿಂದ ಇದೇ ಮಾತು ಬರೆಯುವುದು, ನನಗೂ ಸಾಕಾಗಿದೆ.

ಮಕ್ಕಳ ವಿಷಯ ಕೇಳಲೇಬೇಡಿ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ಸಕ್ಕರೆ ಬೋರ್ಡು ಹಾಕಿ ಅಂದಿತು. ಯಾವ ತಂಪು ಪಾನೀಯದಲ್ಲಿ ಎಷ್ಟು ಚಮಚ ಸಕ್ಕರೆ ಎಂದು ಮಕ್ಕಳಿಗೆ ತಿಳಿಯಲಿ ಅಂತ. ತಿಳಿಯಲಿ, ಬಹಳ ಒಳ್ಳೆಯದು. ಎಷ್ಟೋ ಶಾಲೆಗಳಲ್ಲಿ ಬೋರ್ಡು ಹಾಕೋಕೆ ಗೋಡೆ ಇದೆ, ಓಡೋಕೆ ಮೈದಾನ ಇಲ್ಲ. ಮೈದಾನ ಇದ್ದರೆ ಪಿ.ಟಿ. ಪೀರಿಯಡ್ ಇಲ್ಲ, ಅದನ್ನು ಪೋರ್ಷನ್ ಮುಗಿದಿಲ್ಲ ಅಂತ ಗಣಿತದ ಮೇಷ್ಟ್ರು ತೆಗೆದುಕೊಂಡಿರುತ್ತಾರೆ. ಮಗುವಿನ ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಚಾಕೊಲೇಟು ಹಂಚಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಕಡೆಗೆ ನಾನೇ ಒಂದು ಸುಧಾರಣೆ ಮಾಡೋಣ ಅಂತ ಹೊರಟೆ. ಊಟ ಸ್ವಲ್ಪ ಕಡಿಮೆ ಮಾಡಿ ಎಂದು ವೈದ್ಯರು ಹೇಳುತ್ತಾರಲ್ಲ. ಪೇಟೆಯ ಒಂದು ಮುದ್ದೆ ಹೋಟೆಲಿಗೆ ಹೋಗಿ ಕೇಳಿದೆ.

'ಅಣ್ಣ, ಅರ್ಧ ಮುದ್ದೆ ಊಟ ಕೊಡ್ತೀರಾ?'

ಮಾಲೀಕರು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

'ಅರ್ಧ ಕೊಡೋಕಾಗಲ್ಲ ಸಾರ್. ಜಾಸ್ತಿ ಬೇಕಾದ್ರೆ ಕೇಳಿ, ಎಕ್ಸ್ಟ್ರಾ ಮುದ್ದೆಗೆ ದುಡ್ಡು ತಗೊಳ್ಳಲ್ಲ. ಕಮ್ಮಿ ಹಾಕೋಕೆ ನಮ್ ಹತ್ರ ರೇಟ್ ಇಲ್ಲ.'

ಹಿಂದಿನ ಮೇಜಿನವರು ಬಡಿಸುವ ಹುಡುಗನನ್ನು ಕರೆದು ಮೆಲ್ಲಗೆ ಕೇಳುತ್ತಿದ್ದರು, 'ಅವರಿಗೆ ಶುಗರ್ರಾ?'