ಶೆಟ್ಲಿಗೆ ಇಂಜೆಕ್ಷನ್ ಕೊಡುತ್ತಾರಂತೆ!

ಮೊನ್ನೆ ಕುಮಟಾ ಮೀನು ಪೇಟೆಯಲ್ಲಿ ಶೆಟ್ಲಿ (ಸೀಗಡಿ) ಆರಿಸುತ್ತಿದ್ದಾಗ ಪಕ್ಕದಲ್ಲಿದ್ದವರೊಬ್ಬರು, "ಕೆರೆಯ ಶೆಟ್ಲಿ ಬೇಡ ಮಾರಾಯರೇ, ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಉಬ್ಬಿಸಿರುತ್ತಾರೆ" ಎಂದು ಉಪದೇಶ ಮಾಡಿದರು. ಮೊದಲು ನಗು ಬಂತು, ಆಮೇಲೆ ಸಿಟ್ಟು. ಒಂದು ಕೆರೆಗೆ ಲಕ್ಷಗಟ್ಟಲೆ ಮರಿ ಬಿಡುತ್ತಾರೆ. ಒಂದೊಂದನ್ನೂ ಹಿಡಿದು ಸೂಜಿ ಚುಚ್ಚಲು ಯಾರಿಗೆ ಪುರುಸೊತ್ತಿದೆ?

ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಕೆರೆ ಮಾಡಿರುವ ನನ್ನ ಭಾವನ ಕಷ್ಟ ಇದಕ್ಕೆ ತೀರಾ ಉಲ್ಟಾ. ಮರಿ ಬಿಟ್ಟು ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬೀಸುಬಲೆ ಎಸೆದು ಎಳೆದರು. ಒಂದು ಶೆಟ್ಲಿ ಅಂಗೈ ತುಂಬ ಇತ್ತು, ಉಳಿದವು ಕಿರುಬೆರಳಿನಷ್ಟು. ಚಿಪ್ಪು ಒತ್ತಿದರೆ ಮೆತ್ತಗೆ. ನೀರಿನ ಮೇಲೆ ಬಿಳಿ ದಾರದಂಥ ಹಿಕ್ಕೆ ತೇಲುತ್ತಿತ್ತು. "ಒಂದೇ ದಿನ ಬಿಟ್ಟ ಮರಿ. ನೋಡಿದರೆ ಅಜ್ಜ, ಮೊಮ್ಮಗ" ಎಂದರು ಭಾವ. ಸತ್ತದ್ದು ಒಂದೂ ಇಲ್ಲ. ಎಲ್ಲವೂ ತಿನ್ನುತ್ತಿವೆ, ಬೆಳೆಯುತ್ತಿಲ್ಲ.

ಪರೀಕ್ಷೆಗೆ ಕಳಿಸಿದಾಗ ಬಂದ ಹೆಸರು ಇಎಚ್‌ಪಿ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಉದ್ದದ ಬೀಜಕದಿಂದ ಹರಡುವ ಪರಾವಲಂಬಿ. 2009ರಲ್ಲಿ ಥಾಯ್ಲೆಂಡಿನ ಹುಲಿ ಸೀಗಡಿಯಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ನಮ್ಮ ದೇಶದಲ್ಲಿ ವನಾಮಿ ಎಂಬ ವಿದೇಶಿ ಸೀಗಡಿ ಸಾಕಲು ಅನುಮತಿ ಸಿಕ್ಕಿದ್ದೂ ಅದೇ ವರ್ಷ. ಇದು ಹೊಕ್ಕು ಕೂರುವುದು ಸೀಗಡಿಯ ತಲೆಯೊಳಗೆ ಕಂದಾಗಿ ಕಾಣುವ ಅಂಗದಲ್ಲಿ, ಅಂದರೆ ಯಕೃತ್ತು, ಮೇದೋಜೀರಕ ಎರಡರ ಕೆಲಸವನ್ನೂ ಒಂದೇ ಆಗಿ ಮಾಡುವ ಹೆಪಟೋಪ್ಯಾಂಕ್ರಿಯಾಸ್‌ನಲ್ಲಿ. ಸಕ್ಕರೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುವ ಯೋಗ್ಯತೆಯೂ ಈ ಜೀವಿಗೆ ಉಳಿದಿಲ್ಲ. ಸೀಗಡಿಯ ಜೀವಕೋಶ ದುಡಿದದ್ದನ್ನೇ ಕುಳಿತು ತಿನ್ನುತ್ತದೆ.

ಹಾರ್ಮೋನಿನ ಮಾತು ಬರುವುದು ಇಲ್ಲಿ. ಪೊರೆ ಬಿಡದೆ ಸೀಗಡಿ ಬೆಳೆಯಲಾರದು. ಪೊರೆ ಬಿಡು ಎಂದು ಹೇಳುವುದು ಎಕ್ಡೈಸೋನ್ ಗುಂಪಿನ ಹಾರ್ಮೋನು, ಬೇಡ ಎಂದು ತಡೆಯುವುದು ಕಣ್ಣಿನ ಕಾಂಡದಿಂದ ಬರುವ ಇನ್ನೊಂದು. ಎಕ್ಡೈಸೋನ್ ತಯಾರಾಗಲು ಕೊಲೆಸ್ಟರಾಲ್ ಬೇಕು. ಅದನ್ನು ಸೀಗಡಿ ತಾನೇ ತಯಾರಿಸಿಕೊಳ್ಳಲಾರದು, ಮೇವಿನಿಂದಲೇ ಪಡೆಯಬೇಕು. ಆ ಕೊಬ್ಬನ್ನು ಹೀರಿ ಕೂಡಿಡುವ ಉಗ್ರಾಣವೇ ಇಎಚ್‌ಪಿ ಹೊಕ್ಕ ಮನೆ. ಸೋಂಕು ತಗುಲಿದ ಸೀಗಡಿಗಳಲ್ಲಿ ಪೊರೆ ಬಿಡುವುದಕ್ಕೆ ಸಂಬಂಧಿಸಿದ ಜೀನ್‌ಗಳ ಕೆಲಸವೂ ಏರುಪೇರಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಉಬ್ಬಿಸುವ ಮಾತು ಹಾಗಿರಲಿ, ಪಾಪದ ಪ್ರಾಣಿಗೆ ತನ್ನದೇ ಹಾರ್ಮೋನು ನೆಟ್ಟಗಿಲ್ಲ.

(ಹಾರ್ಮೋನಿನ ಮೇಲೆ ಮನುಷ್ಯ ಕೈ ಹಾಕುವುದು ನಿಜವಾಗಿಯೂ ಇದೆ, ಮರಿ ಮಾಡುವ ಹ್ಯಾಚರಿಗಳಲ್ಲಿ. ತಾಯಿ ಸೀಗಡಿ ಬೇಗ ಮೊಟ್ಟೆಗೆ ಬರಲಿ ಎಂದು ಅದರ ಒಂದು ಕಣ್ಣಿನ ಕಾಂಡವನ್ನೇ ಚಿವುಟುತ್ತಾರೆ. ಆಕ್ಷೇಪಿಸುವವರು ಅದನ್ನು ಆಕ್ಷೇಪಿಸಲಿ.)

ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಭಾವನ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದ ಡಬ್ಬಿಗಳು. ಮಿನರಲ್, ಬೆಳವಣಿಗೆಯ ಟಾನಿಕ್, ಲಿವರ್ ಟಾನಿಕ್. ಬೆಳೆಯುತ್ತಿಲ್ಲ ಎಂದಾಗಲೆಲ್ಲ ಒಂದೊಂದು ತಂದಿದ್ದಾರೆ. ಕೆರೆಯಲ್ಲಿ ಇಎಚ್‌ಪಿ ವಾಸಿ ಮಾಡುವ ಖಾತರಿಯ ಮದ್ದು ಇಲ್ಲ. ಮರಿ ಬಿಡುವ ಮುಂಚೆ, ಅದರಲ್ಲಿ ರೋಗಾಣು ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು ಈ ಡಬ್ಬಿಗಳ ಖರ್ಚಿನ ಮುಂದೆ ಏನೂ ಅಲ್ಲ. ಬಿಳಿ ಚುಕ್ಕೆ ರೋಗವಾದರೆ ರಾಶಿ ರಾಶಿ ಸಾಯುತ್ತವೆ, ಊರಿಗೆ ತಿಳಿಯುತ್ತದೆ. ಇದರಲ್ಲಿ ಹೆಣವಿಲ್ಲ, ಹಾಗಾಗಿ ನಷ್ಟವೂ ಯಾರ ಕಣ್ಣಿಗೂ ಬೀಳುವುದಿಲ್ಲ. ದಿನಾ ಮೇವು ಮಾತ್ರ ಖಾಲಿಯಾಗುತ್ತದೆ.

ಭಾವ ಸಿಕ್ಕಿದ ಬೆಲೆಗೆ ಕೆರೆ ಖಾಲಿ ಮಾಡಿದರು. ಈಗ ತಳ ಒಣಗಿಸಿ, ಉಳುಮೆ ಮಾಡಿ, ಸುಟ್ಟ ಸುಣ್ಣ ಬೆರೆಸುತ್ತಿದ್ದಾರೆ. ಹೆಕ್ಟೇರಿಗೆ 6 ಟನ್ನಿನಷ್ಟು ಹಾಕಿ ನೀರು ಚಿಮುಕಿಸಿ, ಮಣ್ಣಿನ ಪಿಎಚ್ 12ರವರೆಗೆ ಏರಿದರೆ ಬೀಜಕಗಳು ಸಾಯುತ್ತವೆ. ಆದರೆ ನೀರು ತೆಗೆದುಕೊಳ್ಳಬೇಕಾದದ್ದು ಅದೇ ಹಳ್ಳದಿಂದ. ಮೊನ್ನೆ ಇಳಿತದ ಹೊತ್ತಿಗೆ ಪಕ್ಕದ ಕೆರೆಯವರು ತೂಬು ತೆಗೆದರು. ಅವರ ನೀರಿನಲ್ಲೂ ಹಿಕ್ಕೆಯ ಬಿಳಿ ದಾರಗಳಿದ್ದವು. ಭಾವ ಸುಣ್ಣ ಮೆತ್ತಿದ ಕೈಯಲ್ಲೇ ಏರಿಯ ಮೇಲೆ ನಿಂತು, ಆ ನೀರು ಹಳ್ಳಕ್ಕೆ ಸೇರುವುದನ್ನು ನೋಡುತ್ತಿದ್ದರು.