ಕಿಂಡಿಯಿಂದ ಬರುವವರಲ್ಲ

ಮೂರು ದಿನ ದಾವಣಗೆರೆ-ಚಿತ್ರದುರ್ಗ ಬಸ್ಸಿನಲ್ಲಿ ಕೂತು ಒಂದು ಇಂಗ್ಲಿಷ್ ಥ್ರಿಲ್ಲರ್ ಓದಿ ಮುಗಿಸಿದೆ. ಒಂದು ಕಾಲದಲ್ಲಿ ಸುಪಾರಿ ತಗೊಂಡು ಕೊಲೆ ಮಾಡುತ್ತಿದ್ದ ಹೆಂಗಸು, ಎಲ್ಲ ಬಿಟ್ಟು ತಣ್ಣಗೆ ಬದುಕುತ್ತಿರುತ್ತಾಳೆ. ಪಕ್ಕದ ಮನೆಯ ಹುಡುಗಿ ಹೆಣ್ಣುಮಕ್ಕಳನ್ನು ಮಾರುವವರ ಕೈಗೆ ಸಿಗುತ್ತಾಳೆ. ಆಮೇಲೆ ಕೇಳಬೇಕಾ, ಅಟ್ಟದ ಮೇಲಿದ್ದ ಬಂದೂಕು ಕೆಳಗಿಳಿಯುತ್ತದೆ. ಭರಮಸಾಗರ ಬರುವಷ್ಟರಲ್ಲಿ ನಾಲ್ಕು ಹೆಣ ಬಿದ್ದಿದ್ದವು.

ಚೆನ್ನಾಗಿದೆ ಕಣ್ರೀ, ಸುಳ್ಳು ಹೇಳಲ್ಲ. ಅವಳು ಹೊಡೆದಾಗೆಲ್ಲ ನನಗೂ ಒಳಗೊಳಗೇ ಖುಷಿ. ಆಫೀಸಿನಲ್ಲಿ ಕಥೆ ಹೇಳಿದೆ. "ನಮ್ಮ ಓಬವ್ವ ಬಿಡೇ" ಅಂದಳು ಗೆಳತಿ. ದುರ್ಗದವರಿಗೆ ಗಟ್ಟಿಗಿತ್ತಿಯರೆಲ್ಲ ಓಬವ್ವನೇ!

ಆದರೆ ಸಂಜೆ ಬಸ್ಸಿನಲ್ಲಿ ಅದೇ ಮಾತು ಕೊರೆಯತೊಡಗಿತು. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದ ಓಬವ್ವನಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರು ಕಂಡರು. ಒಬ್ಬೊಬ್ಬರೇ ತೂರಿ ಬರಬೇಕಿತ್ತು, ಒನಕೆಗೆ ಸಿಕ್ಕರು. ವೈರಿ ಯಾರು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಹುಡುಗಿಯರನ್ನು ಸಾಗಿಸುವವರು ಹಾಗೆ ಕಿಂಡಿ ಹುಡುಕಿಕೊಂಡು ಬರಬೇಕಾಗಿಯೇ ಇಲ್ಲ. ಮುಂಬಾಗಿಲಿಂದ ಬರುತ್ತಾರೆ, ಚಾ ಕುಡಿಯುತ್ತಾರೆ, ಅಕ್ಕಾ ಅನ್ನುತ್ತಾರೆ.

ನಮ್ಮ ವಠಾರಕ್ಕೂ ಒಬ್ಬಳು ಬಂದಿದ್ದಳು. ನಾನಾಗ ಎಂಟನೇ ಕ್ಲಾಸು. ಎದುರು ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿದ್ದಳು. ಬಂದವಳು ಅವರಿಗೆ ಏನೋ ದೂರದ ನೆಂಟಳಂತೆ. ಜರಿ ಸೀರೆ, ಕೈಯಲ್ಲಿ ಬಾಳೆಹಣ್ಣು. "ಪುಣೆಯಲ್ಲಿ ಮನೆಗೆಲಸ, ಊಟ ತಿಂಡಿ ಎಲ್ಲ ಅಲ್ಲೇ" ಅಂದಳು. ಎರಡು ಸಾವಿರ ಮುಂಗಡವನ್ನು ಎಲೆ ಅಡಿಕೆಯ ಮೇಲಿಟ್ಟು ಕೊಟ್ಟಳು, ಥೇಟ್ ನಿಶ್ಚಿತಾರ್ಥದ ತಾಂಬೂಲದ ಹಾಗೆ. ಹೊಸ ಬ್ಯಾಗು ಬೇರೆ ಬಂತು. ಒಗ್ಗರಣೆಗೆ ಮಂಡಕ್ಕಿ ನೆನೆಸುತ್ತಿದ್ದ ನಮ್ಮಮ್ಮ ಹಿಂಡುವುದನ್ನೂ ನಿಲ್ಲಿಸದೆ ಕೇಳಿದಳು, "ಯಾರ ಮನೆ? ಅಡ್ರೆಸ್ ಬರೆದುಕೊಡ್ರಿ. ನಮ್ಮನೆಯವರೇ ಹೋಗಿ ಬಿಟ್ಟು ಬರ್ತಾರೆ." ನಾಳೆ ತರ್ತೀನಿ ಅಂತ ಹೋದವಳು ಮತ್ತೆ ಬರಲೇ ಇಲ್ಲ. ಮುಂಗಡ ಕೇಳುವುದಕ್ಕೂ ಬರಲಿಲ್ಲ. ಎರಡು ಸಾವಿರ ಲಾಭ ಅಂತ ನಾವು ಮಕ್ಕಳೆಲ್ಲ ನಕ್ಕಿದ್ದೇ ನಕ್ಕಿದ್ದು.

ಕಾದಂಬರಿಯ ಪೊಲೀಸಪ್ಪ "ಅವಳೇ ಒಪ್ಪಿ ಹೋದಳಲ್ಲ" ಅನ್ನುತ್ತಾನೆ. ಇಲ್ಲೂ ಕಟ್ಟೆ ಮೇಲೆ ಕೂತವರು ಅನ್ನುವುದು ಅದನ್ನೇ ಅಲ್ವಾ? ನಮ್ಮ ಕಾನೂನಿನಲ್ಲಿ ಆ ಮಾತಿಗೆ ಬೆಲೆಯಿಲ್ಲ. 2013ರಲ್ಲಿ ತಿದ್ದಿದ ಐಪಿಸಿ 370 ಅದನ್ನು ಹೇಳಿತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಮೋಸ ಮಾಡಿ, ಆಸೆ ತೋರಿಸಿ ದುಡಿಸಿಕೊಳ್ಳಲು ಸಾಗಿಸಿದರೆ, ಹೋದವರ ಒಪ್ಪಿಗೆ ಲೆಕ್ಕಕ್ಕೇ ಬರಲ್ಲ. ಕಡಿಮೆ ಅಂದರೂ 7 ವರ್ಷ ಜೈಲು. 18 ತುಂಬದವರಾದರೆ 10 ವರ್ಷದಿಂದ ಜೀವಾವಧಿವರೆಗೆ.

ನನ್ನ ತಕರಾರು ಒಂದೇ. ಬಂದೂಕಿನ ವರ್ಣನೆಗೆ ಅರ್ಧ ಪುಟ ಕೊಟ್ಟ ಲೇಖಕರು ಆ ಹುಡುಗಿಗೆ ಬಾಯಿಯನ್ನೇ ಕೊಟ್ಟಿಲ್ಲ. ಒಂದೇ ಒಂದು ಕಡೆ ಮಾತಾಡುತ್ತಾಳೆ. ಬಿಡಿಸಿಕೊಂಡು ಬಂದ ನಾಯಕಿ ಕಾರಿನ ಬಾಗಿಲು ತೆಗೆದು "ಹತ್ತು, ಮನೆಗೆ ಹೋಗೋಣ" ಅಂದಾಗ ಅವಳು ಹತ್ತುವುದಿಲ್ಲ. "ನನ್ನ ಕಳಿಸಿದ್ದೇ ಮನೆಯವರು" ಅನ್ನುತ್ತಾಳೆ. ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕಿಟಕಿ ನೋಡಿದೆ. ತೆಗೆದರೆ ಮುಂದಿನ ಪುಟದಲ್ಲಿ ಢಮಾರ್ ಅಂತ ಬಾಂಬು! ಉತ್ತರ ಹೊಳೆಯದಿದ್ದರೆ ಬಾಂಬು ಹಾಕುವುದು ಸುಲಭ.

ಓದಬೇಕು ಅನ್ನುವವರು ಹೇಳಿ, ಕೊಡುತ್ತೇನೆ. ಆ ಕಾರಿನ ಪುಟದ ಮೇಲೆ ಮಿರ್ಚಿ ಎಣ್ಣೆಯ ಕಲೆ ಇದೆ, ಬೈಯಬೇಡಿ.