ಲಗತ್ತು ಭದ್ರವಾಗಿದೆ, ಗೌರವಧನ ಬಂದಿಲ್ಲ

ಅತಿಥಿ ಉಪನ್ಯಾಸಕರ ಹಾಜರಾತಿ ಪಟ್ಟಿಯ ಪ್ರಕರಣ ಇಷ್ಟು ಹೊತ್ತಿಗೆ ದಾವಣಗೆರೆಯವರಿಗೆಲ್ಲ ಬಾಯಿಪಾಠವಾಗಿದೆ: ಕಾಲೇಜುಗಳೆಲ್ಲ ಮೇಲ್‌ನಲ್ಲಿ ಪಟ್ಟಿ ಕಳುಹಿಸಿದವು, ಕಚೇರಿಯ ಯಂತ್ರ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿತು, ಒಂದೇ ಕಾಲೇಜಿನವರಿಗೆ ಗೌರವಧನ ಬಂತು. ಯಾರಿಗೆ ಗೌರವಧನ ಬಂತು, ಯಾರಿಗೆ ಬರಲಿಲ್ಲ ಎಂದು ಮತ್ತೆ ಕೊರೆಯುವುದಿಲ್ಲ. ನನ್ನ ಗೌರವವೆಲ್ಲ ಆ ಯಂತ್ರಕ್ಕೆ. ಅದಕ್ಕೊಂದು ಸನ್ಮಾನ ಆಗಲೇಬೇಕು: ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಯಾವುದೂ ತಪ್ಪಬಾರದು.

ಇ-ಮೇಲ್‌ಗೆ ಬಂದ ಲಗತ್ತುಗಳನ್ನು ಮನುಷ್ಯರ ಕೈ ಸೋಕದಂತೆ ತಾನೇ ಎತ್ತಿ, ತಾನೇ ವಿಂಗಡಿಸಿ, ತಾನೇ ಫೋಲ್ಡರ್‌ಗೆ ಹಾಕುವ ಏರ್ಪಾಡು ನಮ್ಮೂರಿನ ಒಂದು ಕಚೇರಿಗೆ ಬಂದಿದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಇದ್ದಾಗ, ರಸ್ತೆ ಅಗೆಯುವುದಷ್ಟೇ ಇದರ ಫಲ ಎಂದುಕೊಂಡಿದ್ದವರು ಈಗ ತಪ್ಪೊಪ್ಪಿಕೊಳ್ಳಲಿ. ಮೊದಲಾದರೆ ಗುಮಾಸ್ತರು ಲಗತ್ತನ್ನು ತೆರೆದು, ನೋಡಿ, ಬೇಸರಪಟ್ಟು, ಆಮೇಲೆ ಕಳೆದುಹಾಕುತ್ತಿದ್ದರು. ಈಗ ತೆರೆಯುವ, ನೋಡುವ, ಬೇಸರಪಡುವ ಮೂರೂ ಹಂತಗಳು ಉಳಿತಾಯ.

ಕಾಲೇಜುಗಳಿಂದ ತಿಂಗಳ ಕೊನೆಗೆ ಬರುವ ಪಟ್ಟಿಗೆಲ್ಲ ಒಂದೇ ಹೆಸರು: ‘ಅಟೆಂಡೆನ್ಸ್.ಪಿಡಿಎಫ್’. ಹಾಗೆಯೇ ಹೆಸರಿಡಬೇಕು, ತಪ್ಪಿದರೆ ಪರಿಗಣಿಸುವುದಿಲ್ಲ ಎಂದು ಸುತ್ತೋಲೆಯೇ ಹೇಳಿತ್ತು. ಅದೇ ಹೆಸರಿನ ಕಡತ ಮತ್ತೊಮ್ಮೆ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸು ಎಂಬ ಆಯ್ಕೆಯನ್ನು ಯಾರೋ ಪುಣ್ಯಾತ್ಮರು ಒತ್ತಿದ್ದರು. ಒಂದು ಪಟ್ಟಿಯನ್ನು ಇನ್ನೊಂದು ನುಂಗಿ, ಅದನ್ನು ಮತ್ತೊಂದು ನುಂಗಿ, ತಿಂಗಳ ಕೊನೆಗೆ ಉಳಿದದ್ದು ಎಲ್ಲರಿಗಿಂತ ತಡವಾಗಿ ಕಳುಹಿಸಿದ ಕಾಲೇಜಿನದು. ಆ ಕಾಲೇಜಿನ ಬಿಲ್ ಮಾತ್ರ ಆಯಿತು. ಉಳಿದವರಿಗೆ ‘ನಿಮ್ಮ ಲಗತ್ತನ್ನು ಯಶಸ್ವಿಯಾಗಿ ಭದ್ರಪಡಿಸಲಾಗಿದೆ’ ಎಂಬ ಸಂದೇಶ ಹೋಯಿತು. ಸುಳ್ಳೇನಲ್ಲ. ಮುಂದಿನವರ ಮೇಲ್ ಬರುವ ತನಕ ಭದ್ರವಾಗಿಯೇ ಇತ್ತು.

ಹಾಗೆಂದು ಫೋಲ್ಡರ್ ಖಾಲಿ ಎಂದು ತಿಳಿಯಬೇಡಿ. ಸರ್ಕಾರಿ ಮೇಲ್‌ಗಳ ಕೆಳಗೆ, ಸಹಿಯ ಪಕ್ಕದಲ್ಲಿ, ಪುಟ್ಟ ಗಂಡಭೇರುಂಡ ಇರುತ್ತದಲ್ಲ, ಯಂತ್ರದ ಕಣ್ಣಿಗೆ ಅದೂ ಒಂದು ಲಗತ್ತೇ. ಅದನ್ನೂ ಎತ್ತಿಡುತ್ತದೆ. ಅದಕ್ಕೆ ಮಾತ್ರ ಪ್ರತಿ ಸಲ ಹೊಸ ಸಂಖ್ಯೆಯ ಹೊಸ ಹೆಸರು ಹುಟ್ಟುವುದರಿಂದ ಒಂದೂ ಅಳಿದಿಲ್ಲ. ಪರದೆಯ ತುಂಬ ಸಾಲುಸಾಲಾಗಿ ಗಂಡಭೇರುಂಡಗಳು, ನಡುವೆ ಎಲ್ಲೋ ಒಂದು ಹಾಜರಾತಿ ಪಟ್ಟಿ. ಅಷ್ಟು ಹಕ್ಕಿಗಳಿಗೆ ಎರಡೆರಡರಂತೆ ತಲೆಗಳಿವೆ. ಕಚೇರಿ ಒಂದನ್ನಾದರೂ ಎರವಲು ಪಡೆಯಬಹುದಿತ್ತು.

ಲಗತ್ತು ಹುಟ್ಟಿದ ಗಳಿಗೆಯೇನೂ ಕೆಟ್ಟದ್ದಲ್ಲ. 1992ರ ಮಾರ್ಚ್ 11ರಂದು ನಥಾನಿಯಲ್ ಬೊರೆನ್‌ಸ್ಟೀನ್ ಎಂಬ ಅಮೆರಿಕದ ಗಣಕ ವಿಜ್ಞಾನಿ, ನಾವು ಇಂದು ಬಳಸುವ ಬಗೆಯ ಮೊದಲ ಲಗತ್ತನ್ನು ಕಳುಹಿಸಿದರು. ಅದರಲ್ಲಿದ್ದದ್ದು ತಾವೂ ಸೇರಿ ನಾಲ್ವರು ಹಾಡುವ ತಂಡದ ಚಿತ್ರ ಮತ್ತು ಅವರ ಹಾಡು. ಯಾರೂ ದೃಢೀಕೃತ ಪ್ರತಿ ಕೇಳಲಿಲ್ಲ. ಅದೇ ನಮ್ಮ ಕಚೇರಿಗೆ ಬಂದಿದ್ದರೆ ನಾಲ್ವರಲ್ಲಿ ಕೊನೆಗೆ ಬಾಯಿ ತೆರೆದವರ ದನಿ ಮಾತ್ರ ಉಳಿಯುತ್ತಿತ್ತು.

ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿಯ ಯಾವುದಾದರೂ ದಲಾಲಿ ಅಂಗಡಿಗೆ ಹೋಗಿ ನೋಡಿ. ಗುಮಾಸ್ತರ ಕೈಗೆ ಎಟುಕುವಂತೆ ಗೋಡೆಯ ಮೊಳೆಗೆ ಒಂದು ಕೊಕ್ಕೆ ತಂತಿ ನೇತಾಡುತ್ತಿರುತ್ತದೆ. ತೂಕದ ಚೀಟಿ ಬಂತೆಂದರೆ ತಲೆ ಎತ್ತದೆಯೇ ಒಂದು ಚುಚ್ಚು. ತಳದಲ್ಲಿ ಹಳೆಯದು, ಮೇಲೆ ಹೊಸದು. ಒಂದೇ ದಿನ ನಾಲ್ಕು ಜನ ಬಸವರಾಜಪ್ಪಂದಿರು ಬಂದರೂ ಒಬ್ಬರ ಚೀಟಿ ಇನ್ನೊಬ್ಬರದನ್ನು ನುಂಗುವುದಿಲ್ಲ. ಊರು, ತಾರೀಖು ಎರಡೂ ಮೇಲೆಯೇ ಬರೆದಿರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಕಾಗದದಷ್ಟೇ ಮಾನ್ಯತೆ ಕೊಟ್ಟು, ಅದನ್ನು ಕಾದಿಡುವಾಗ ಎಲ್ಲಿಂದ ಬಂತು, ಯಾವ ದಿನ, ಯಾವ ಹೊತ್ತಿಗೆ ಎಂಬುದು ತಿಳಿಯುವಂತಿರಬೇಕು ಎಂದು 7ನೇ ಸೆಕ್ಷನ್‌ನಲ್ಲಿ ಹೇಳುತ್ತದೆ. ದಲಾಲಿ ಅಂಗಡಿಯ ತಂತಿ ಅದನ್ನು ಓದದೆಯೇ ಪಾಲಿಸುತ್ತಿದೆ. ಓದಿದವರು ಎರಡು ದಿನದ ತರಬೇತಿಗೆ ಹೋಗಿ, ಬ್ಯಾಗು, ಪೆನ್ನು ತಂದಿದ್ದಾರೆ.

ನಗೆ ಸಾಕು. ಹಣ ಬಾರದೆ ಉಳಿದವರು ಬಸ್ಸಿನಲ್ಲಿ ಬಂದು ಪಾಠ ಮಾಡಿ ಬಸ್ಸಿನಲ್ಲಿ ಹಿಂತಿರುಗುವ ಜನ. ಮನೆ ಬಾಡಿಗೆ ಕೇಳುವವರಿಗೆ ‘ಯಶಸ್ವಿಯಾಗಿ ಭದ್ರಪಡಿಸಲಾಗಿದೆ’ ಎಂದು ಸಂದೇಶ ಕಳುಹಿಸಲು ಅವರಿಗೆ ಬರುವುದಿಲ್ಲ. ಕಾಲೇಜಿನಿಂದ ಹೋದ ಮೇಲ್ ಅನ್ನು ಮೊಬೈಲ್‌ನಲ್ಲಿ ತೆರೆದು, ಕಿಟಕಿಯೊಳಗೆ ಚಾಚಿ, ‘ಸರ್, ಇಲ್ಲಿ ನೋಡಿ, ತಾರೀಖೂ ಇದೆ’ ಎಂದವರಿಗೆ ಸಿಕ್ಕ ಉತ್ತರ: ‘ಸಿಸ್ಟಮ್‌ನಲ್ಲಿ ಕಾಣುತ್ತಿಲ್ಲ ಮೇಡಂ, ಪ್ರಿಂಟ್ ತನ್ನಿ.’ ಮೂಲ ಮೇಲ್‌ಗಳು ಕಚೇರಿಯ ಇನ್‌ಬಾಕ್ಸ್‌ನಲ್ಲಿ ಹಾಗೆಯೇ ಬಿದ್ದಿವೆ. ಯಂತ್ರ ಅಳಿಸಿದ್ದು ಎತ್ತಿಟ್ಟ ಪ್ರತಿಯನ್ನು, ಬಂದ ಪತ್ರವನ್ನಲ್ಲ. ಇಡೀ ಕಚೇರಿಯಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಅದನ್ನು ತೆರೆದು ನೋಡಿದ್ದರೆ ಮುಗಿಯುತ್ತಿತ್ತು. ಕಡತದ ಹೆಸರಿನ ಹಿಂದೆ ಕಳುಹಿಸಿದವರ ವಿಳಾಸವನ್ನೂ ದಿನಾಂಕವನ್ನೂ ಸೇರಿಸು ಎಂದರೆ ಯಂತ್ರ ಬೇಡವೆನ್ನುವುದಿಲ್ಲ, ಭತ್ಯೆಯನ್ನೂ ಕೇಳುವುದಿಲ್ಲ. ಹೇಳುವ ಬಾಯಿ ಬೇಕು.

ಮರುತಿಂಗಳು ಎಲ್ಲ ಕಾಲೇಜುಗಳೂ ಕೊನೆಯವರಾಗಲು ಹವಣಿಸಿ, ಕಡೆಯ ದಿನ ಮಧ್ಯರಾತ್ರಿಗೆ ಇನ್ನೇನು ಒಂದು ನಿಮಿಷ ಎನ್ನುವಾಗ ಒಟ್ಟಿಗೆ ಕಳುಹಿಸಿದವು. ಅದರಿಂದ ಬುದ್ಧಿ ಕಲಿತು ಈಗ ಚೀಟಿ ಎತ್ತಿ ಸರದಿ ಗೊತ್ತು ಮಾಡಿಕೊಂಡಿದ್ದಾರಂತೆ. ತಿಂಗಳಿಗೊಂದು ಕಾಲೇಜು ಕೊನೆಗೆ ಕಳುಹಿಸುವುದು, ಉಳಿದವರು ಒಂದು ದಿನ ಮೊದಲೇ ಕಳುಹಿಸಿ ಸುಮ್ಮನಿರುವುದು. ಈ ತಿಂಗಳು ಹೊನ್ನಾಳಿಯವರದು. ಜಗಳೂರಿನವರ ಸರದಿ ಬರುವಷ್ಟರಲ್ಲಿ ಅವರ ಅವಧಿಯೇ ಮುಗಿದಿರುತ್ತದೆ.